ಕೈಹಿಡಿದ ಇಬ್ಬರು: ದೇವರ ಸಂತ ಯೊವಾನ್ನರ ಜೀವನ

ಮಾರ್ಚ್ 8 ದೇವರ ಸಂತ ಯೊವಾನ್ನರ ಹಬ್ಬ. ಹೆಚ್ಚಿನ ವರ್ಷಗಳಲ್ಲಿ ಅದು ತಪಸ್ಸುಕಾಲದೊಳಗೇ ಬರುವುದರಿಂದ ನಮ್ಮ ಧರ್ಮಕೇಂದ್ರಗಳಲ್ಲಿ ಸದ್ದಿಲ್ಲದೆ ಕಳೆದುಹೋಗುತ್ತದೆ. ನಮ್ಮಲ್ಲಿ ಅನೇಕರು ಅವರನ್ನು ಜಾನ್ ಆಫ್ ಗಾಡ್ ಎಂದೇ ಬಲ್ಲರು. ಆಸ್ಪತ್ರೆಗಳಿಗೆ, ರೋಗಿಗಳಿಗೆ, ದಾದಿಯರಿಗೆ ಅವರು ಪಾಲಕ ಸಂತರು. ಆದರೆ ಇದೇ ಸಂತರು ಒಮ್ಮೆ ನಡುಬೀದಿಯಲ್ಲಿ ಹುಚ್ಚನೆನಿಸಿಕೊಂಡು ಕಲ್ಲೇಟು ತಿಂದರು, ಆಸ್ಪತ್ರೆಯಲ್ಲಿ ಕೈಕಾಲು ಕಟ್ಟಿಸಿಕೊಂಡು ಚಾವಟಿ ಏಟು ತಿಂದರು ಎಂಬುದು ಎಲ್ಲರಿಗೂ ತಿಳಿದಿರಲಾರದು. ಅವರ ಜೀವನದ ಈ ಭಾಗವನ್ನೇ ಈ ವಾರ ಸ್ವಲ್ಪ ವಿವರವಾಗಿ ನೋಡೋಣ.

ಇದಕ್ಕೊಂದು ಕಾರಣವಿದೆ. ಪೀಣ್ಯದಿಂದ ನೆಲಮಂಗಲದ ಕಡೆಗೆ ತುಮಕೂರು ರಸ್ತೆ ಹಿಡಿದು ಹೋದರೆ ನಮ್ಮ ಮಾದನಾಯಕನಹಳ್ಳಿ ಸಿಗುತ್ತದೆ. ಸುತ್ತಲೂ ಕಾರ್ಖಾನೆಗಳು, ಗೋದಾಮುಗಳು, ಸಾಲು ಸಾಲು ಬಾಡಿಗೆ ಕೋಣೆಗಳು. ರಾಯಚೂರು ಕಲಬುರಗಿಯಿಂದ ಬಂದವರು, ಬಿಹಾರ ಒಡಿಶಾದಿಂದ ಬಂದವರು ಇಲ್ಲಿ ಪಾಳಿಯ ಮೇಲೆ ದುಡಿಯುತ್ತಾರೆ. ಹುಟ್ಟೂರು ದೂರ, ಬಂಧುಬಳಗ ದೂರ. ಪಕ್ಕದ ಕೋಣೆಯವನ ಪೂರ್ತಿ ಹೆಸರೂ ಗೊತ್ತಿರುವುದಿಲ್ಲ. ಇಂಥ ಕಡೆ ಒಬ್ಬನ ಮನಸ್ಸು ಇದ್ದಕ್ಕಿದ್ದಂತೆ ಕೆಟ್ಟು, ಅವನು ರಾತ್ರಿ ಬೀದಿಗೆ ಬಂದು ಕೂಗಾಡತೊಡಗಿದರೆ ಏನಾಗುತ್ತದೆ? ಜನ ಸೇರುತ್ತಾರೆ. ಕಳ್ಳನಿರಬೇಕೆಂದು ಒಬ್ಬ, ಕುಡಿದಿದ್ದಾನೆಂದು ಇನ್ನೊಬ್ಬ, ದೆವ್ವ ಹಿಡಿದಿದೆಯೆಂದು ಮತ್ತೊಬ್ಬ. ಯಾರೋ ಠಾಣೆಗೆ ಫೋನು ಮಾಡುತ್ತಾರೆ. ಬಂದ ಪೊಲೀಸರಿಗೆ ಆ ಮನುಷ್ಯನ ಹೆಸರು ಗೊತ್ತಿಲ್ಲ, ಭಾಷೆ ಗೊತ್ತಿಲ್ಲ, ಕಾಯಿಲೆಯ ಸಂಗತಿಯಂತೂ ಗೊತ್ತೇ ಇಲ್ಲ. ಮುಂದಿನ ಅರ್ಧ ಗಂಟೆಯಲ್ಲಿ ಅವನಿಗೆ ಏಟು ಬೀಳುತ್ತದೆಯೋ ಔಷಧ ಸಿಗುತ್ತದೆಯೋ ಎಂಬುದು ಪೊಲೀಸರ ಕೈಯಲ್ಲಿ ಮಾತ್ರವಲ್ಲ, ಸುತ್ತ ನಿಂತಿರುವ ನಮ್ಮ ಕೈಯಲ್ಲೂ ಇರುತ್ತದೆ. ಸುಮಾರು ಐನೂರು ವರ್ಷಗಳ ಹಿಂದೆ ಗ್ರನಾದ ನಗರದ ಬೀದಿಯಲ್ಲಿ ನಡೆದುದೂ ಇದೇ.

ಅಲೆದಾಟದ ನಲವತ್ತು ವರ್ಷ

ಯೊವಾನ್ನರು 1495ರ ಮಾರ್ಚ್ 8ರಂದು ಪೋರ್ಚುಗಲ್ ದೇಶದ ಮೊಂತೆಮೊರ್ ಎಂಬ ಸಣ್ಣ ಊರಿನಲ್ಲಿ ಹುಟ್ಟಿದರೆಂಬುದು ಸಂಪ್ರದಾಯ. ಮನೆತನದ ಹೆಸರು ಸಿದಾದ್. ಎಂಟನೆಯ ವಯಸ್ಸಿನಲ್ಲಿ ಬಾಲಕ ಮನೆ ಬಿಟ್ಟು ಹೋದ. ತಂದೆತಾಯಿಗೆ ತಿಳಿಯದಂತೆ ಅವನು ಸ್ಪೇನ್ ದೇಶದ ಒರೊಪೇಸಾ ಎಂಬ ಊರನ್ನು ಸೇರಿ, ಅಲ್ಲೊಬ್ಬ ಸಜ್ಜನರ ಮನೆಯಲ್ಲಿ ಕುರಿ ಕಾಯುತ್ತ ಬೆಳೆದ. ಮಗನನ್ನು ಕಳೆದುಕೊಂಡ ಕೊರಗಿನಲ್ಲೇ ತಾಯಿ ತೀರಿಕೊಂಡರು. ತಂದೆ ಫ್ರಾನ್ಸಿಸ್ಕನ್ ಮಠ ಸೇರಿದರು. ಈ ಸುದ್ದಿ ಯೊವಾನ್ನರಿಗೆ ತಲುಪಿದ್ದು ಹಲವು ವರ್ಷಗಳ ಮೇಲೆ, ಊರಿಗೆ ಮರಳಿ ಹೋಗಿ ಚಿಕ್ಕಪ್ಪನ ಬಾಯಿಂದ ಕೇಳಿದಾಗ. ತನ್ನಿಂದಲೇ ತಾಯಿ ಸತ್ತಳೆಂಬ ನೋವು ಅವರನ್ನು ಬಹುಕಾಲ ಬಿಡಲಿಲ್ಲ.

ಕುರಿ ಕಾಯುವ ಕೆಲಸದ ನಡುವೆ ಅವರು ಎರಡು ಬಾರಿ ಸೈನ್ಯ ಸೇರಿದ್ದರು. ಮೊದಲ ಸಲ ಫ್ರೆಂಚರ ವಿರುದ್ಧದ ಯುದ್ಧದಲ್ಲಿ, ಕಾವಲಿಗೆಂದು ಅವರ ವಶಕ್ಕೆ ಕೊಟ್ಟಿದ್ದ ಕೊಳ್ಳೆಯ ಮಾಲು ಕಳವಾಯಿತು. ದಳಪತಿ ಗಲ್ಲಿಗೇರಿಸಲು ಆಜ್ಞೆ ಮಾಡಿದ. ದೊಡ್ಡವರೊಬ್ಬರು ಅಡ್ಡಬಂದು ಪ್ರಾಣ ಉಳಿಸಿದರು, ಆದರೆ ಸೈನ್ಯದಿಂದ ಅಟ್ಟಿದರು. 1532ರಲ್ಲಿ ತುರ್ಕರ ವಿರುದ್ಧ ವಿಯೆನ್ನಾದವರೆಗೂ ಹೋಗಿ ಬಂದರು. ಆಮೇಲೆ ಆಫ್ರಿಕದ ದಡದ ಸೆಉತಾ ಎಂಬಲ್ಲಿ, ಗಡೀಪಾರಾಗಿ ದಿಕ್ಕೆಟ್ಟಿದ್ದ ಒಂದು ಕುಲೀನ ಕುಟುಂಬವನ್ನು ಸಾಕಲು ಕೋಟೆ ಕಟ್ಟುವ ಕೂಲಿ ಮಾಡಿದರು. ಜಿಬ್ರಾಲ್ಟರಿನಲ್ಲಿ ಪುಸ್ತಕ ಮತ್ತು ಪವಿತ್ರ ಚಿತ್ರಗಳನ್ನು ಬೆನ್ನ ಮೇಲೆ ಹೊತ್ತು ಮಾರಿದರು. ಕೊನೆಗೆ ಗ್ರನಾದಕ್ಕೆ ಬಂದು ಎಲ್ವಿರಾ ಬಾಗಿಲಿನ ಬಳಿ ಒಂದು ಪುಟ್ಟ ಪುಸ್ತಕದಂಗಡಿ ಇಟ್ಟರು. ಆಗ ಅವರ ವಯಸ್ಸು ನಲವತ್ತು ದಾಟಿತ್ತು. ಹೆಂಡತಿ ಮಕ್ಕಳಿಲ್ಲ, ನಂಟರಿಷ್ಟರಿಲ್ಲ. ನೆಲೆಯಿಲ್ಲದೆ ಅಲೆದು ಬಂದು ನಗರದ ಅಂಚಿನಲ್ಲಿ ನಿಂತ ಒಬ್ಬ ಒಂಟಿ ದುಡಿಮೆಗಾರ. ನಮ್ಮ ಬಾಡಿಗೆ ಕೋಣೆಗಳಲ್ಲಿರುವ ಎಷ್ಟೋ ಮಂದಿಗಿಂತ ಅವರ ಸ್ಥಿತಿ ಬೇರೆಯಾಗಿರಲಿಲ್ಲ.

ಬೀದಿಯ ಜನ

1530ರ ದಶಕದ ಕೊನೆಯಲ್ಲಿ, ಜನವರಿ 20ರ ಸಂತ ಸೆಬಾಸ್ಟಿಯನ್ನರ ಹಬ್ಬದಂದು, ಆವಿಲಾದ ಯೊವಾನ್ನರೆಂಬ ಪ್ರಸಿದ್ಧ ಗುರುಗಳು ಗ್ರನಾದದಲ್ಲಿ ಪ್ರಬೋಧನೆ ಮಾಡಿದರು. ಈ ಗುರುಗಳು ಕೂಡ 1970ರಲ್ಲಿ ಸಂತರೆಂದು ಘೋಷಿತರಾದರು, 2012ರಲ್ಲಿ ಧರ್ಮಸಭೆಯ ಪಂಡಿತರ ಸಾಲಿಗೆ ಸೇರಿದರು. ಅಂದಿನ ಅವರ ಮಾತು ಪುಸ್ತಕದಂಗಡಿಯ ಯೊವಾನ್ನರ ಎದೆಯನ್ನು ಸೀಳಿತು. ಪ್ರಬೋಧನೆ ಮುಗಿಯುತ್ತಲೇ ಅವರು ದೇವರ ಕರುಣೆಗಾಗಿ ಕೂಗುತ್ತ ಹೊರಗೋಡಿದರು. ನೆಲದ ಮೇಲೆ ಹೊರಳಾಡಿದರು, ಗಡ್ಡ ತಲೆಗೂದಲು ಕಿತ್ತುಕೊಂಡರು. ಅಂಗಡಿಗೆ ಓಡಿ ಲೌಕಿಕ ಪುಸ್ತಕಗಳನ್ನು ಉಗುರು ಹಲ್ಲುಗಳಿಂದ ಹರಿದರು, ಭಕ್ತಿಯ ಪುಸ್ತಕಗಳನ್ನು ಬಂದವರಿಗೆಲ್ಲ ಹಂಚಿದರು. ಇದ್ದ ಹಣ, ಮೈಮೇಲಿನ ಬಟ್ಟೆಯನ್ನೂ ಕೊಟ್ಟು, ಬರಿಮೈಯಲ್ಲಿ ಬೀದಿ ಬೀದಿ ಸುತ್ತಿದರು.

ಹುಡುಗರು ಹಿಂದೆ ಬಿದ್ದರು. ದೊಡ್ಡವರೂ ಸೇರಿಕೊಂಡರು. ಕೆಸರು, ಕಸ, ಕಲ್ಲು ಕೈಗೆ ಸಿಕ್ಕಿದ್ದನ್ನೆಲ್ಲ ಎಸೆದರು. ಕೆಲವರು ಅವರನ್ನು ಆವಿಲಾದ ಗುರುಗಳ ಬಳಿಗೆ ಕರೆದೊಯ್ದರು. ಗುರುಗಳು ಏಕಾಂತದಲ್ಲಿ ಕೂರಿಸಿಕೊಂಡು ಪಾಪನಿವೇದನೆ ಕೇಳಿ ಸಮಾಧಾನ ಹೇಳಿದರು. ಆದರೂ ಹೊರಗೆ ಬಂದೊಡನೆ ಹಿಂದಿನಂತೆಯೇ ಆಯಿತು. ಹೀಗೆ ದಿನಗಳು ಕಳೆದವು. ಮೈಯೆಲ್ಲ ಗಾಯ, ಹೊಟ್ಟೆಗೆ ಅನ್ನವಿಲ್ಲ, ಶಕ್ತಿ ಸೋರಿಹೋಗಿತ್ತು.

ಆಗ ಆ ಊರಿನ ಇಬ್ಬರು ಮರ್ಯಾದಸ್ಥರು ಗುಂಪಿನೊಳಗೆ ನುಗ್ಗಿ ಅವರ ಕೈಹಿಡಿದರು. ಕಲ್ಲೆಸೆಯುವವರ ನಡುವಿನಿಂದ ಹೊರತಂದು ಊರಿನ ರಾಜ ಆಸ್ಪತ್ರೆಗೆ ಕರೆದೊಯ್ದು, ಈ ಬಡವನಿಗೆ ಗಲಾಟೆಯಿಂದ ದೂರ ಒಂದು ಜಾಗ ಕೊಟ್ಟು ಗುಣಪಡಿಸಿ ಎಂಬಂತೆ ಅಲ್ಲಿಯವರಿಗೆ ಒಪ್ಪಿಸಿದರು. ಆ ಇಬ್ಬರ ಹೆಸರು ಚರಿತ್ರೆಯಲ್ಲಿ ಉಳಿದಿಲ್ಲ. ಯೊವಾನ್ನರ ಆಸ್ಪತ್ರೆಯ ಗುರುಗಳಾಗಿದ್ದ ಫ್ರಾನ್ಸಿಸ್ಕೊ ದೆ ಕಾಸ್ತ್ರೊ ಬರೆದು 1585ರಲ್ಲಿ ಅಚ್ಚಾದ ಮೊದಲ ಜೀವನಚರಿತ್ರೆ ಅವರ ಕನಿಕರವನ್ನು ಮಾತ್ರ ದಾಖಲಿಸಿದೆ. ಊರಿಗೆ ಊರೇ ಒಬ್ಬನನ್ನು ಹುಚ್ಚನೆಂದು ನಗುತ್ತಿರುವಾಗ ಅವನ ಕೈಹಿಡಿಯಲು ಧೈರ್ಯ ಬೇಕು. ಅವರಿಲ್ಲದಿದ್ದರೆ ಯೊವಾನ್ನರು ಆ ಬೀದಿಯಲ್ಲೇ ಸಾಯುವ ಸಂಭವವಿತ್ತು.

ಅದು ಪಶ್ಚಾತ್ತಾಪದ ಅತಿರೇಕವೋ ನಿಜವಾದ ಮನೋರೋಗವೋ ಎಂಬ ಚರ್ಚೆ ಇಂದಿಗೂ ಇದೆ. ನಮಗೆ ಅದರಿಂದ ಅಳುಕು ಬೇಡ. ಸಂತನಾಗುವವನಿಗೆ ಮನಸ್ಸಿನ ಕಾಯಿಲೆ ಬರಬಾರದೆಂದು ಧರ್ಮಸಭೆ ಎಂದೂ ಹೇಳಿಲ್ಲ. ದೇವರ ಕೃಪೆ ಮಾನವ ಪ್ರಕೃತಿಯನ್ನು ಅಳಿಸುವುದಿಲ್ಲ, ಅದನ್ನು ಪೂರ್ಣಗೊಳಿಸುತ್ತದೆ ಎಂಬುದು ಸಂತ ತೋಮಸ್ ಅಕ್ವಿನಾಸರ ಬೋಧನೆ. ಮುರಿದ ಮನಸ್ಸೂ ಆ ಪ್ರಕೃತಿಯದೇ ಭಾಗ.

ಚಾವಟಿಯ ಚಿಕಿತ್ಸೆ

ರಾಜ ಆಸ್ಪತ್ರೆಯನ್ನು 1504ರಲ್ಲಿ ಅರಸ ಫರ್ಡಿನಾಂಡ್ ಮತ್ತು ರಾಣಿ ಇಸಬೆಲ್ಲ ಸ್ಥಾಪಿಸಿದ್ದರು. ಸ್ಪೇನಿನಲ್ಲಿ ಮನೋರೋಗಿಗಳಿಗಾಗಿ ಆಸ್ಪತ್ರೆ ಎಂಬ ಕಲ್ಪನೆ ಅದಕ್ಕಿಂತ ಹಳೆಯದು. 1409ರಲ್ಲಿ ವಲೆನ್ಸಿಯಾ ನಗರದಲ್ಲಿ ಜೊಫ್ರೆ ಎಂಬ ಗುರುಗಳು ಪ್ರಧಾನಾಲಯಕ್ಕೆ ಪ್ರಬೋಧನೆಗೆ ಹೋಗುವಾಗ, ದಾರಿಯಲ್ಲಿ ಹುಡುಗರು ಒಬ್ಬ ಹುಚ್ಚನನ್ನು ಹೊಡೆಯುತ್ತಿರುವುದನ್ನು ಕಂಡರು. ಅಂದು ಅದನ್ನೇ ಕುರಿತು ಬೋಧಿಸಿದರು. ಕೇಳಿದ ವರ್ತಕರು ಮುಂದೆ ಬಂದು ಹಣ ಹೊಂದಿಸಿ ಆಸ್ಪತ್ರೆ ಕಟ್ಟಿಸಿದರು. ಹೀಗೆ ಅದು ಶುರುವಾದದ್ದು ಬೀದಿಯಲ್ಲಿ ಕಂಡ ಒಂದು ನೋಟದಿಂದ, ಸಾಮಾನ್ಯ ಭಕ್ತವಿಶ್ವಾಸಿಗಳ ಕೈಯಿಂದ.

ಆದರೆ ಕಟ್ಟಡ ಕಟ್ಟಿದ ಮಾತ್ರಕ್ಕೆ ಕನಿಕರ ಬರುವುದಿಲ್ಲ. ಯೊವಾನ್ನರ ಕಾಲದಲ್ಲಿ ಹುಚ್ಚಿಗೆ ಮುಖ್ಯ ಚಿಕಿತ್ಸೆಯೆಂದರೆ ಕಟ್ಟಿಹಾಕಿ ಹೊಡೆಯುವುದು. ನೋವಿನ ಹೆದರಿಕೆಯಿಂದ ಬುದ್ಧಿ ಹಿಂದಿರುಗುತ್ತದೆಂದು ಅವರು ನಂಬಿದ್ದರು. ಯೊವಾನ್ನರ ಕೈಕಾಲು ಬಿಗಿದು ಚಾವಟಿಯಿಂದ ಬಾರಿಸಿದರು. ತನಗೆ ಬಿದ್ದ ಏಟುಗಳನ್ನು ಅವರು ತನ್ನ ಪಾಪಗಳ ಪ್ರಾಯಶ್ಚಿತ್ತವೆಂದು ಸಹಿಸಿದರು. ಆದರೆ ಪಕ್ಕದ ರೋಗಿಗಳಿಗೆ ಏಟು ಬಿದ್ದಾಗ ಸುಮ್ಮನಿರಲಿಲ್ಲ. ಈ ಬಡ ಸಹೋದರರ ಮೇಲೆ ಕರುಣೆ ತೋರುವ ಬದಲು ಹೀಗೇಕೆ ಹಿಂಸಿಸುತ್ತೀರೆಂದು ಕೆಲಸಗಾರರನ್ನು ಗದರಿಸಿದರು. ಅದಕ್ಕಾಗಿ ಇನ್ನಷ್ಟು ಹೊಡೆತ ತಿಂದರು. ತನಗೆ ದೇವರು ಅವಕಾಶ ಕೊಟ್ಟರೆ ತಾನೇ ಒಂದು ಆಸ್ಪತ್ರೆ ತೆರೆದು ಇಂಥವರನ್ನು ತನ್ನ ಮನಸ್ಸಿಗೆ ಒಪ್ಪುವಂತೆ ನೋಡಿಕೊಳ್ಳಬೇಕೆಂಬ ಸಂಕಲ್ಪ ಅವರಲ್ಲಿ ಮೂಡಿದ್ದು ಅಲ್ಲೇ, ಕಟ್ಟಿನೊಳಗೆ.

ಆವಿಲಾದ ಗುರುಗಳು ಅವರನ್ನು ಕೈಬಿಡಲಿಲ್ಲ. ಅವರ ಸಾಂತ್ವನ ಆಸ್ಪತ್ರೆಯೊಳಗೂ ತಲುಪಿತು. ನಿಧಾನವಾಗಿ ಯೊವಾನ್ನರ ಮನಸ್ಸು ತಿಳಿಯಾಯಿತು. ಕಟ್ಟು ಬಿಚ್ಚಿದ ಮೇಲೆ ಅವರು ಓಡಿಹೋಗಲಿಲ್ಲ. ಪೊರಕೆ ಹಿಡಿದು ಕೋಣೆ ಗುಡಿಸಿದರು, ರೋಗಿಗಳ ಮೈ ತೊಳೆದರು, ಪಾತ್ರೆ ಉಜ್ಜಿದರು. ಕೆಲಕಾಲದ ನಂತರ ಅಲ್ಲಿಂದ ಹೊರಟು, ಗುರುಗಳನ್ನು ಕಂಡು ಅವರ ಮಾರ್ಗದರ್ಶನಕ್ಕೆ ತನ್ನನ್ನು ಒಪ್ಪಿಸಿಕೊಂಡರು. ಗ್ವಾದಲೂಪೆಯ ಮಾತೆಯ ಪುಣ್ಯಕ್ಷೇತ್ರಕ್ಕೆ ಕಾಲ್ನಡಿಗೆಯ ಯಾತ್ರೆ ಮಾಡಿದರು. ಹಿಂತಿರುಗಿ ಬಂದು ಗುಡ್ಡದಿಂದ ಸೌದೆ ಹೊತ್ತು ತಂದು ಮಾರಿ ಹೊಟ್ಟೆ ಹೊರೆದರು. ಮೊದಮೊದಲು ಜನ ಹಳೆಯ ಹುಚ್ಚ ಬಂದನೆಂದು ಹಾಸ್ಯ ಮಾಡಿದರು. ಕಾಯಿಲೆ ವಾಸಿಯಾದರೂ ಅಂಟಿದ ಹೆಸರು ಬೇಗ ಬಿಡುವುದಿಲ್ಲ ಎಂಬುದು ಅಂದಿಗೂ ಇಂದಿಗೂ ಒಂದೇ.

ಊರೆಲ್ಲ ಸೇರಿ ನಡೆಸಿದ ಆಸ್ಪತ್ರೆ

ಸೌದೆ ಮಾರಿದ ಕಾಸಿನಿಂದ ಮೀನು ಮಾರುಕಟ್ಟೆಯ ಬಳಿ ಒಂದು ಮನೆ ಬಾಡಿಗೆಗೆ ಹಿಡಿದರು. ಬೀದಿಯಲ್ಲಿ ಬಿದ್ದಿದ್ದ ರೋಗಿಗಳನ್ನು ಬೆನ್ನ ಮೇಲೆ ಹೊತ್ತು ತಂದು ಮಲಗಿಸಿದರು. ಜಾಗ ಸಾಲದೆ ಮುಂದೆ ಗೊಮೇರೆಸ್ ಇಳಿಜಾರಿನ ದೊಡ್ಡ ಕಟ್ಟಡಕ್ಕೆ ಹೋದರು. ಅಲ್ಲಿಂದ ಅವರು ಬರೆಸಿದ ಒಂದು ಪತ್ರ ಉಳಿದಿದೆ. ಒಂದೇ ಸೂರಿನಡಿ ನೂರಹತ್ತಕ್ಕೂ ಹೆಚ್ಚು ಮಂದಿ ಇದ್ದರೆಂದು ಅದರಲ್ಲಿ ತಿಳಿಸಿದ್ದಾರೆ. ಕೈಕಾಲು ಬಿದ್ದವರು, ಕುಷ್ಠರೋಗಿಗಳು, ಮೂಗರು, ಮುದುಕರು, ದಾರಿಹೋಕ ಯಾತ್ರಿಕರು, ಇವರ ಜೊತೆಯಲ್ಲೇ ಬುದ್ಧಿ ಕೆಟ್ಟವರು. ಸಾಲಗಾರರ ಕಾಟದಿಂದ ಹೊರಗೆ ತಲೆ ಹಾಕುವುದೇ ಕಷ್ಟವಾಗಿದೆಯೆಂದೂ ಅದೇ ಪತ್ರದಲ್ಲಿ ಹೇಳಿಕೊಂಡಿದ್ದಾರೆ.

ಇಷ್ಟು ಜನರನ್ನು ಒಬ್ಬರೇ ಸಾಕಲಾದೀತೇ? ಇಲ್ಲಿಯೇ ಯೊವಾನ್ನರ ವಿಶೇಷವಿರುವುದು. ಅವರು ಇಡೀ ಊರನ್ನೇ ಈ ಕೆಲಸಕ್ಕೆ ಎಳೆದರು. ರಾತ್ರಿ ಹೊತ್ತು ಬೆನ್ನಿಗೆ ಬುಟ್ಟಿ, ಹೆಗಲಿನಿಂದ ಹಗ್ಗದಲ್ಲಿ ತೂಗುವ ಎರಡು ಮಡಕೆ ಕಟ್ಟಿಕೊಂಡು, ಗಟ್ಟಿಯಾಗಿ ಕೂಗುತ್ತ ಬೀದಿಗಿಳಿಯುತ್ತಿದ್ದರು. ಬಡವರಿಗೆ ಕೊಡುವ ಮೂಲಕ ನಿಮಗೆ ನೀವೇ ಒಳಿತು ಮಾಡಿಕೊಳ್ಳಿ ಎಂಬುದು ಅವರ ಕೂಗಿನ ಸಾರಾಂಶ. ಕೇಳಿದವರು ಕಿಟಕಿ ಬಾಗಿಲು ತೆರೆದು ರೊಟ್ಟಿ, ಮಾಂಸ, ಹಳೆಬಟ್ಟೆ, ಚಿಲ್ಲರೆ ಕೊಟ್ಟರು. ವೈದ್ಯರು ಬಂದರು. ಗುರುಗಳು ಬಂದರು. ಸೆಸ್ಸಾದ ಡಚೆಸ್‌ರಂಥ ಸಿರಿವಂತ ಮಹಿಳೆಯರು ನೆರವಾದರು.

ಕಾನೂನಿನ ದೊಡ್ಡವರೂ ಅವರ ಬೆನ್ನಿಗೆ ನಿಂತರು. ಗ್ರನಾದದ ರಾಜ ನ್ಯಾಯಾಲಯದ ಅಧ್ಯಕ್ಷರಾಗಿದ್ದ ಧರ್ಮಾಧ್ಯಕ್ಷ ಸೆಬಾಸ್ಟಿಯನ್ ರಾಮಿರೆಸರು ಅವರನ್ನು ಊಟಕ್ಕೆ ಕರೆದು, ದೇವರ ಯೊವಾನ್ನ ಎಂಬ ಹೆಸರನ್ನು ಖಾಯಂಗೊಳಿಸಿದರು. ಕಂಡ ಭಿಕ್ಷುಕರೊಂದಿಗೆಲ್ಲ ಬಟ್ಟೆ ಬದಲಿಸಿಕೊಂಡು ಚಿಂದಿಯಲ್ಲೇ ತಿರುಗುತ್ತಿದ್ದ ಅವರಿಗೆ ಒಂದು ಸರಳ ನಿಲುವಂಗಿಯನ್ನೂ ತೊಡಿಸಿದರು. ಒಂದು ಕಾಲಕ್ಕೆ ಊರು ಹುಚ್ಚನೆಂದು ಅಟ್ಟಿದ್ದ ಮನುಷ್ಯನ ಮೇಲೆ ಊರಿನ ಮುಖ್ಯ ನ್ಯಾಯಾಧಿಪತಿ ವಿಶ್ವಾಸವಿಟ್ಟಿದ್ದನ್ನು ಗಮನಿಸಬೇಕು. ಅಲ್ಲಿಂದ ಮುಂದೆ ಯೊವಾನ್ನರ ಬಾಗಿಲಿಗೆ ಬಂದ ದಿಕ್ಕಿಲ್ಲದವನ ಹಿಂದೆ ಅಧಿಕಾರದ ನೆರಳೂ ಇತ್ತು.

ಅವರ ಮೊದಲ ಸಂಗಡಿಗರ ಕಥೆಯೂ ಕೇಳತಕ್ಕದ್ದು. ಆಂತೋನ್ ಮಾರ್ತಿನ್ ಎಂಬಾತ ತನ್ನ ತಮ್ಮನನ್ನು ಕೊಂದ ಪೇದ್ರೊ ವೆಲಾಸ್ಕೊ ಎಂಬುವನನ್ನು ಗಲ್ಲಿಗೇರಿಸಿಯೇ ತೀರುವೆನೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿ ಗ್ರನಾದದಲ್ಲಿ ಕುಳಿತಿದ್ದ. ಯೊವಾನ್ನರು ಶಿಲುಬೆ ಹಿಡಿದು ಅವನ ಮುಂದೆ ಮೊಣಕಾಲೂರಿ ಕ್ಷಮೆ ಬೇಡಿದರು. ಅವನು ಸೆರೆಮನೆಗೆ ಹೋಗಿ ವೈರಿಯನ್ನು ತಬ್ಬಿಕೊಂಡ. ಕೊಲೆಯಾದವನ ಅಣ್ಣ, ಕೊಲೆ ಮಾಡಿದವನು, ಇಬ್ಬರೂ ಒಂದೇ ಆಸ್ಪತ್ರೆಯಲ್ಲಿ ರೋಗಿಗಳ ಸೇವೆಗೆ ನಿಂತರು.

ಎಲ್ಲವೂ ಸುಗಮವಾಗಿರಲಿಲ್ಲ. ಸೋಮಾರಿಗಳಿಗೂ ಕೆಟ್ಟ ನಡತೆಯವರಿಗೂ ಆಶ್ರಯ ಕೊಡುತ್ತಾನೆಂದು ಮಹಾಧರ್ಮಾಧ್ಯಕ್ಷ ಪೇದ್ರೊ ಗೆರ್ರೇರೊ ಅವರಿಗೆ ದೂರು ಹೋಯಿತು. ಕರೆಸಿ ವಿಚಾರಿಸಿದಾಗ ಯೊವಾನ್ನರು, ತನ್ನ ಆಸ್ಪತ್ರೆಯಲ್ಲಿ ರೊಟ್ಟಿ ತಿನ್ನಲು ಯೋಗ್ಯತೆಯಿಲ್ಲದವನು ತಾನೊಬ್ಬನೇ ಎಂದು ತಲೆಬಾಗಿ ಹೇಳಿದರು. ಮಹಾಧರ್ಮಾಧ್ಯಕ್ಷರು ಮರುಮಾತಾಡದೆ ಅವರನ್ನು ಅವರ ಕೆಲಸಕ್ಕೆ ಬಿಟ್ಟರು.

ಬೆಂಕಿ

1549ರ ಜುಲೈ 3ರಂದು ರಾಜ ಆಸ್ಪತ್ರೆಗೆ ಬೆಂಕಿ ಬಿತ್ತು. ಯೊವಾನ್ನರನ್ನು ಕಟ್ಟಿ ಹೊಡೆದಿದ್ದ ಅದೇ ಆಸ್ಪತ್ರೆ. ಊರಿನ ಜನ ಹೊರಗೆ ನಿಂತು ನೋಡುತ್ತಿದ್ದರು. ಒಳಗಿದ್ದ ರೋಗಿಗಳಲ್ಲಿ ಹಲವರು ತಾವಾಗಿ ಎದ್ದು ಬರಲಾರದವರು. ಯೊವಾನ್ನರು ಓಡಿ ಬಂದು ಹೊಗೆಯೊಳಗೆ ನುಗ್ಗಿದರು. ಒಂದೊಂದು ಕೋಣೆಗೂ ಹೋಗಿ ಕೆಲವರನ್ನು ನಡೆಸಿಕೊಂಡು, ಕೆಲವರನ್ನು ಹೊತ್ತುಕೊಂಡು ಹೊರಗೆ ತಂದರು. ಹಾಸಿಗೆ ಹೊದಿಕೆಗಳನ್ನು ಕಿಟಕಿಯಿಂದ ಎಸೆದರು. ಆಮೇಲೆ ಕೊಡಲಿ ಹಿಡಿದು ಮಾಡು ಹತ್ತಿ ಬೆಂಕಿ ಹರಡದಂತೆ ತೊಲೆಗಳನ್ನು ಕಡಿದರು. ಜ್ವಾಲೆಗಳ ನಡುವೆ ಅವರು ಮರೆಯಾದಾಗ ಸತ್ತೇಹೋದರೆಂದು ಜನ ಅತ್ತರು. ಹೊರಬಂದಾಗ ಹುಬ್ಬು ಸುಟ್ಟಿದ್ದು ಬಿಟ್ಟರೆ ಮೈಗೆ ಏನೂ ಆಗಿರಲಿಲ್ಲ.

ಈ ಘಟನೆಯನ್ನು ಓದುವಾಗ ನಮ್ಮ ದೇಶದಲ್ಲೇ ನಡೆದ ಇನ್ನೊಂದು ಬೆಂಕಿ ನೆನಪಾಗದಿರದು. 2001ರ ಆಗಸ್ಟ್ 6ರಂದು ತಮಿಳುನಾಡಿನ ಎರವಾಡಿಯಲ್ಲಿ, ಮನೋರೋಗಿಗಳನ್ನು ಇರಿಸಿಕೊಂಡಿದ್ದ ಒಂದು ಖಾಸಗಿ ಆಶ್ರಯದ ಗುಡಿಸಲಿಗೆ ಬೆಂಕಿ ಬಿತ್ತು. ಒಳಗಿದ್ದವರನ್ನು ಸರಪಳಿಯಿಂದ ಕಟ್ಟಿದ್ದರು. 28 ಮಂದಿ ಕಟ್ಟಿದ ಜಾಗದಲ್ಲೇ ಸುಟ್ಟು ಸತ್ತರು. ಅವರನ್ನು ಅಲ್ಲಿಗೆ ತಂದು ಬಿಟ್ಟವರು ಹೆಚ್ಚಾಗಿ ಮನೆಯವರೇ, ಬೇರೆ ದಾರಿ ಕಾಣದೆ ದೇವರ ಮೇಲೆ ಭಾರ ಹಾಕಿದವರು. ಯಾವ ಧರ್ಮದವರೂ ಇದನ್ನು ಬೇರೆಯವರ ತಪ್ಪೆಂದು ತಳ್ಳಿಹಾಕುವಂತಿಲ್ಲ. ಕಾಯಿಲೆಯವರನ್ನು ಊರಾಚೆ ಕಟ್ಟಿಹಾಕಿ ಮರೆಯುವ ಮನಸ್ಸು ಎಲ್ಲ ಕಡೆಯೂ ಇದೆ.

ಕೊನೆಯ ದಿನಗಳು

ಮರು ಚಳಿಗಾಲದಲ್ಲಿ ಹೆನೀಲ್ ನದಿ ಉಕ್ಕಿ ಹರಿಯಿತು. ನೀರಿನಲ್ಲಿ ತೇಲಿಬರುವ ಮರದ ತುಂಡುಗಳನ್ನು ಹಿಡಿದರೆ ಆಸ್ಪತ್ರೆಗೆ ಸೌದೆಯಾದೀತೆಂದು ಯೊವಾನ್ನರು ಸಂಗಡಿಗರೊಂದಿಗೆ ಹೋದರು. ಜೊತೆಗಿದ್ದ ಹುಡುಗನೊಬ್ಬ ಸೆಳೆತಕ್ಕೆ ಸಿಕ್ಕಿದ. ಮೊದಲೇ ಕಾಯಿಲೆಯಲ್ಲಿದ್ದ ಯೊವಾನ್ನರು ಕೊರೆಯುವ ನೀರಿಗೆ ಧುಮುಕಿದರು. ಹುಡುಗ ಉಳಿಯಲಿಲ್ಲ. ಆ ದುಃಖ, ಆ ಚಳಿ ಅವರನ್ನು ಹಾಸಿಗೆಗೆ ಹಾಕಿತು. ಆನ್ನಾ ಒಸೊರಿಯೊ ಎಂಬ ಮಹಿಳೆ ಅವರನ್ನು ತನ್ನ ಮನೆಗೆ ಕರೆದೊಯ್ದು ಆರೈಕೆ ಮಾಡಿದರು. ಮಹಾಧರ್ಮಾಧ್ಯಕ್ಷರು ಬಂದು ಸಂಸ್ಕಾರಗಳನ್ನು ನೀಡಿ, ಆಸ್ಪತ್ರೆಯ ಸಾಲದ ಹೊಣೆಯನ್ನು ತಾವೇ ಹೊತ್ತರು. 1550ರ ಮಾರ್ಚ್ 8ರಂದು ಯೊವಾನ್ನರು ಹಾಸಿಗೆಯಿಂದಿಳಿದು, ಶಿಲುಬೆಯನ್ನು ಎದೆಗವಚಿಕೊಂಡು, ಮೊಣಕಾಲೂರಿದ ಭಂಗಿಯಲ್ಲೇ ಪ್ರಾಣಬಿಟ್ಟರು. ವಯಸ್ಸು 55.

ಅವರು ಯಾವ ಮಠವನ್ನೂ ಸ್ಥಾಪಿಸಿರಲಿಲ್ಲ, ನಿಯಮಾವಳಿ ಬರೆದಿರಲಿಲ್ಲ. ಆದರೂ ಕೆಲಸ ನಿಲ್ಲಲಿಲ್ಲ. ಆಂತೋನ್ ಮಾರ್ತಿನ್ ಮ್ಯಾಡ್ರಿಡ್ ನಗರದಲ್ಲಿ ಆಸ್ಪತ್ರೆ ತೆರೆದರು. 1572ರಲ್ಲಿ ಜಗದ್ಗುರು ಐದನೆಯ ಪಿಯುಸರು ಸಹೋದರರ ಕೂಟಕ್ಕೆ ಮಾನ್ಯತೆ ಕೊಟ್ಟರು. 1690ರಲ್ಲಿ ಯೊವಾನ್ನರು ಸಂತರೆಂದು ಘೋಷಿತರಾದರು. 1886ರಲ್ಲಿ ಹದಿಮೂರನೆಯ ಲಿಯೊ ಅವರನ್ನು ಆಸ್ಪತ್ರೆಗಳ ಮತ್ತು ರೋಗಿಗಳ ಪಾಲಕರನ್ನಾಗಿ, 1930ರಲ್ಲಿ ಹನ್ನೊಂದನೆಯ ಪಿಯುಸರು ದಾದಿಯರ ಪಾಲಕರನ್ನಾಗಿ ಸಾರಿದರು. ನಮ್ಮ ನೆರೆಯ ಕೇರಳದ ಕಟ್ಟಪ್ಪನದಲ್ಲಿ 1960ರ ದಶಕದ ಕೊನೆಗೆ ಜರ್ಮನಿಯಿಂದ ಬಂದ ಸಹೋದರ ಫಾರ್ಚುನೇಟಸ್ ಅವರು ಇದೇ ಸಭೆಯ ಸೇವೆಯನ್ನು ಆರಂಭಿಸಿದರು.

ನಮ್ಮ ಠಾಣೆ, ನಮ್ಮ ಧರ್ಮಕೇಂದ್ರ

ಪ್ರಿಯ ಓದುಗರೇ, ಯೊವಾನ್ನರ ಕಾಲದ ಚಾವಟಿ ಇಂದಿಲ್ಲ. ಔಷಧವಿದೆ, ವೈದ್ಯರಿದ್ದಾರೆ. ನಮ್ಮ ಬೆಂಗಳೂರಿನಲ್ಲೇ ನಿಮ್ಹಾನ್ಸ್ ಇದೆ. ಅದು 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಾಗಿ ಆರಂಭವಾಗಿ 1974ರಲ್ಲಿ ಈಗಿನ ಹೆಸರು ಪಡೆಯಿತು. ಮನೋರೋಗಕ್ಕೆ ದೊಡ್ಡ ಆಸ್ಪತ್ರೆಯೊಂದೇ ಸಾಲದು, ಹಳ್ಳಿಯ ಆರೋಗ್ಯ ಕಾರ್ಯಕರ್ತರೂ ಅದನ್ನು ಗುರುತಿಸಿ ನೆರವಾಗಬಲ್ಲರು ಎಂದು ಆ ಸಂಸ್ಥೆಯವರು 1970ರ ದಶಕದಲ್ಲಿ ಸಕಲವಾರದಲ್ಲಿ, 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದರು. ಬಳ್ಳಾರಿಯ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಶುರುವಾಯಿತು.

ಕಾನೂನೂ ಬದಲಾಗಿದೆ. 1912ರ ಹಳೆಯ ಕಾಯ್ದೆ ಮನೋರೋಗಿಯನ್ನು ಪೊಲೀಸರು ಹಿಡಿದು ತರಬೇಕಾದವನೆಂದು ಕಂಡಿತ್ತು. 2018ರಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅವನನ್ನು ರಕ್ಷಿಸಬೇಕಾದವನೆಂದು ಕಾಣುತ್ತದೆ. ಅದರ 100ನೆಯ ವಿಧಿಯ ಪ್ರಕಾರ, ತನ್ನನ್ನು ತಾನು ನೋಡಿಕೊಳ್ಳಲಾಗದೆ ಅಲೆಯುತ್ತಿರುವ, ಅಥವಾ ಕಾಯಿಲೆಯಿಂದ ತನಗೋ ಇತರರಿಗೋ ಅಪಾಯ ತರಬಹುದಾದ ವ್ಯಕ್ತಿಯನ್ನು ಠಾಣೆಯ ಅಧಿಕಾರಿ ರಕ್ಷಣೆಗೆ ತೆಗೆದುಕೊಳ್ಳಬೇಕು. 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು. ಯಾವ ಕಾರಣಕ್ಕೂ ಲಾಕಪ್ಪಿನಲ್ಲಿ ಇಡುವಂತಿಲ್ಲ. ಮನೆಮಠವಿಲ್ಲದವನಾದರೆ ಕಾಣೆಯಾದ ವ್ಯಕ್ತಿಯೆಂದು ದೂರು ದಾಖಲಿಸಿ ಅವನ ಕುಟುಂಬವನ್ನು ಹುಡುಕಬೇಕು. ಮನೆಯೊಳಗೇ ಮನೋರೋಗಿಯನ್ನು ಹಿಂಸಿಸುತ್ತಿದ್ದರೆ ಅಥವಾ ಅಲಕ್ಷಿಸಿದ್ದರೆ, ತಿಳಿದವರು ಠಾಣೆಗೆ ತಿಳಿಸಬೇಕೆಂದು 101ನೆಯ ವಿಧಿ ಹೇಳುತ್ತದೆ. ಸರಪಳಿ ಹಾಕುವುದನ್ನು ಈ ಕಾಯ್ದೆ ಪೂರ್ತಿಯಾಗಿ ನಿಷೇಧಿಸಿದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಿ ಅವರಿಗೆ ಆರೈಕೆ ಒದಗಿಸಬೇಕೆಂದೂ ಹೇಳಿದೆ. ಗಂಭೀರ ಮಾನಸಿಕ ತೊಂದರೆ ಇಂಥ ಕೃತ್ಯದ ಹೊಣೆಯನ್ನು ತಗ್ಗಿಸುತ್ತದೆ ಎಂಬುದು ನಮ್ಮ ಧರ್ಮಸಭೆಯ ಉಪದೇಶವೂ ಹೌದು.

ಆದರೆ ಒಂದು ಠಾಣೆ ಇದನ್ನೆಲ್ಲ ಒಂಟಿಯಾಗಿ ಮಾಡಲಾರದು. ಅಮೆರಿಕದ ಮೆಂಫಿಸ್ ನಗರದಲ್ಲಿ 1987ರಲ್ಲಿ ಚಾಕು ಹಿಡಿದಿದ್ದ ಒಬ್ಬ ಮನೋರೋಗಿ ಯುವಕನನ್ನು ಕರೆಯ ಮೇರೆಗೆ ಬಂದ ಪೊಲೀಸರು ಗುಂಡಿಕ್ಕಿ ಕೊಂದರು. ಊರಿಗೆ ಊರೇ ಬೆಚ್ಚಿತು. ಮರುವರ್ಷ ಪೊಲೀಸರು, ಮನೋರೋಗಿಗಳ ಕುಟುಂಬದವರ ಸಂಘ, ವಿಶ್ವವಿದ್ಯಾಲಯಗಳು ಒಟ್ಟಿಗೆ ಕುಳಿತು ಒಂದು ವ್ಯವಸ್ಥೆ ಮಾಡಿದರು. ಆಯ್ದ ಪೊಲೀಸರಿಗೆ 40 ಗಂಟೆಗಳ ತರಬೇತಿ ಕೊಟ್ಟರು, ಅವರು ಕರೆತಂದವರನ್ನು ತಡಮಾಡದೆ ಸೇರಿಸಿಕೊಳ್ಳುವಂತೆ ಆಸ್ಪತ್ರೆಯನ್ನು ಒಪ್ಪಿಸಿದರು. ಆ ಮಾದರಿ ಅಲ್ಲಿಂದ ಹಲವು ಊರುಗಳಿಗೆ ಹರಡಿತು. ಪಾಠ ಹೇಳಿಕೊಡುವಾಗ ಮನೆಯವರೂ ಪೊಲೀಸರ ಮುಂದೆ ಕುಳಿತು ತಮ್ಮ ಅನುಭವ ಹೇಳುತ್ತಾರೆ. ಯಾವ ಮಾತಿಗೆ ತಮ್ಮ ಮಗ ಹೆದರುತ್ತಾನೆ, ಯಾವ ಮಾತಿಗೆ ಸಮಾಧಾನವಾಗುತ್ತಾನೆ ಎಂದು ಅವರಷ್ಟು ಬಲ್ಲವರು ಬೇರೆ ಯಾರು?

ನಾವು ಮಾಡಬಹುದಾದದ್ದೂ ಇದೆ. ಬೀದಿಯಲ್ಲಿ ಯಾರಾದರೂ ಈ ಸ್ಥಿತಿಯಲ್ಲಿ ಕಂಡರೆ ಮೊದಲು ಗುಂಪನ್ನು ಚದುರಿಸಿ. ಫೋನಿನಲ್ಲಿ ಚಿತ್ರ ತೆಗೆಯುವವರನ್ನು ತಡೆಯಿರಿ. ಒಬ್ಬರೇ, ತಗ್ಗಿದ ದನಿಯಲ್ಲಿ, ಸ್ವಲ್ಪ ದೂರ ನಿಂತು ಮಾತಾಡಿ. ಅವರು ಹಿಂದಿಯವರೋ ಒಡಿಯಾದವರೋ ಆಗಿದ್ದರೆ ಆ ಭಾಷೆ ಬಲ್ಲವರು ನಮ್ಮ ಪೂಜೆಗೆ ಬರುವವರಲ್ಲೇ ಇರುತ್ತಾರೆ, ಕರೆಯಿರಿ. ಕೈಯಲ್ಲಿ ಆಯುಧವಿದ್ದರೆ, ಯಾರ ಪ್ರಾಣಕ್ಕಾದರೂ ಅಪಾಯವಿದ್ದರೆ ನೀವು ಮೇಲೆ ಬೀಳಬೇಡಿ, 112ಕ್ಕೆ ಫೋನು ಮಾಡಿ. ಫೋನಿನಲ್ಲಿ ಗಲಾಟೆ ನಡೆಯುತ್ತಿದೆ ಎಂದಷ್ಟೇ ಹೇಳಿ ಇಡಬೇಡಿ. ಇದು ಕಾಯಿಲೆ ಇರಬಹುದು, ಹೆಸರು ಇದು, ಔಷಧ ನಿಲ್ಲಿಸಿದ್ದಾರೆ, ಮನೆಯವರು ಇಂಥ ಕಡೆ ಇದ್ದಾರೆ ಎಂದು ಗೊತ್ತಿದ್ದಷ್ಟನ್ನೂ ಸ್ಪಷ್ಟವಾಗಿ ಹೇಳಿ. ಆ ಒಂದು ಮಾತಿನಿಂದ ಬರುವ ಪೇದೆಯ ಕೈ ಲಾಠಿಯಿಂದ ಸಡಿಲವಾಗಬಹುದು. ಅಷ್ಟರಮಟ್ಟಿಗೆ ಕೈಮೀರದ ಸಂಕಟದಲ್ಲಿ, ಏನು ಮಾಡಬೇಕೆಂದು ತೋಚದಿದ್ದಾಗ, 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.

ಪೊಲೀಸರು ಆಸ್ಪತ್ರೆಗೆ ಕರೆದೊಯ್ಯುವಾಗ ನಮ್ಮಲ್ಲಿ ಇಬ್ಬರು ಜೀಪಿನ ಹಿಂದೆ ಹೋಗಲಿ. ರಾತ್ರಿ ಹೊತ್ತು ಅಪರಿಚಿತ ಆಸ್ಪತ್ರೆಯಲ್ಲಿ ಒಂಟಿಯಾಗಿ ಕೂರುವುದು ಪೇದೆಗೂ ಕಷ್ಟ, ರೋಗಿಗೂ ಕಷ್ಟ. ನಮ್ಮ ವಿನ್ಸೆಂಟ್ ದೆ ಪಾವ್ಲ್ ಸಂಘದವರು, ಕಿರು ಕ್ರೈಸ್ತ ಸಮುದಾಯದವರು ಇಂಥ ಇಬ್ಬಿಬ್ಬರ ಹೆಸರು ಮತ್ತು ಫೋನ್ ಸಂಖ್ಯೆಯನ್ನು ಮೊದಲೇ ಠಾಣೆಗೆ ಕೊಟ್ಟಿಡಬಹುದು. ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಯಾವ ದಿನ ಮನೋವೈದ್ಯರು ಸಿಗುತ್ತಾರೆಂದು ವಿಚಾರಿಸಿ ಧರ್ಮಕೇಂದ್ರದ ಫಲಕದಲ್ಲಿ ಬರೆದು ಹಾಕಬಹುದು. ಠಾಣೆಯವರನ್ನೂ ಒಬ್ಬ ಮನೋವೈದ್ಯರನ್ನೂ ಕರೆದು, ಮನೋರೋಗಿಗಳಿರುವ ಮನೆಯವರ ಜೊತೆ ಒಂದು ಸಂಜೆ ಕೂರಿಸಬಹುದು. ಆಸ್ಪತ್ರೆಯಿಂದ ಹಿಂದಿರುಗಿದ ಮೇಲೆ ಅವರ ಮನೆಗೆ ಹೋಗಿ ಬರುವುದು, ಔಷಧ ತಪ್ಪದಂತೆ ನೆನಪಿಸುವುದು, ಮಗಳ ಮದುವೆಗೆ ಎಂದಿನಂತೆ ಕರೆಯುವುದು, ಇವೂ ಚಿಕಿತ್ಸೆಯ ಭಾಗವೇ. ಪ್ರಾರ್ಥನೆ ಬೇಕು, ತೈಲಲೇಪನವೂ ಬೇಕು. ಆದರೆ ಅವು ವೈದ್ಯರ ಔಷಧದ ಜೊತೆಗೆ ನಡೆಯಬೇಕು, ಅದರ ಬದಲಿಗೆ ಅಲ್ಲ. ದೆವ್ವ ಬಿಡಿಸುತ್ತೇವೆಂದು ಹೇಳಿ ಔಷಧ ನಿಲ್ಲಿಸುವವರನ್ನು ನಂಬಬೇಡಿ.

ಸಮಾರಿಯದವನ ಸಾಮತಿಯನ್ನು ನಾವೆಲ್ಲ ಬಲ್ಲೆವು. ಅವನು ಗಾಯಾಳುವನ್ನು ಛತ್ರಕ್ಕೆ ಸೇರಿಸಿದ ಮೇಲೆ ಛತ್ರದವನ ಕೈಗೆ ಹಣ ಕೊಟ್ಟು, ಮತ್ತೆ ಬರುವುದಾಗಿ ಹೇಳಿ ಹೋದ. ಒಬ್ಬನಿಂದ ಆಗದ ಕೆಲಸವನ್ನು ಇನ್ನೊಬ್ಬನ ಜೊತೆ ಹಂಚಿಕೊಂಡ. ಗ್ರನಾದದ ಆ ಇಬ್ಬರು ಹೆಸರಿಲ್ಲದವರು ಯೊವಾನ್ನರ ಕೈಹಿಡಿಯದಿದ್ದರೆ ಧರ್ಮಸಭೆಗೆ ಒಬ್ಬ ಮಹಾಸಂತರು ಸಿಗುತ್ತಿರಲಿಲ್ಲ, ಲಕ್ಷಾಂತರ ರೋಗಿಗಳಿಗೆ ಹಾಸಿಗೆ ಸಿಗುತ್ತಿರಲಿಲ್ಲ. ಈ ತಪಸ್ಸುಕಾಲದಲ್ಲಿ ಉಪವಾಸ, ಶಿಲುಬೆಹಾದಿಯ ಜೊತೆಗೆ ನಮ್ಮ ಪ್ರತಿಯೊಂದು ಕಿರು ಸಮುದಾಯವೂ ಅಂಥ ಇಬ್ಬರನ್ನು ಆರಿಸಿ ಠಾಣೆಗೆ ಹೆಸರು ಕೊಡಲಿ. ದೇವರ ಸಂತ ಯೊವಾನ್ನರೇ, ಮನಸ್ಸು ನೊಂದ ನಮ್ಮ ಸಹೋದರ ಸಹೋದರಿಯರಿಗಾಗಿ, ಅವರ ಕರೆಗೆ ರಾತ್ರಿ ಹೊತ್ತು ಓಡಿಬರುವ ಪೊಲೀಸರಿಗಾಗಿ ಪ್ರಾರ್ಥಿಸಿರಿ.